ಊಹೆಯಲ್ಲೂ ಏಳದ ಕೈ

ನನ್ನ ತಲೆಯೊಳಗೆ ಏನೋ ದೊಡ್ಡ ವ್ಯವಹಾರ ನಡೆಯುತ್ತಿದೆ ಎಂಬ ಭ್ರಮೆಯಲ್ಲೇ ಐವತ್ತಾರು ವರ್ಷ ಕಳೆದಿದ್ದೆ. ಹಾಗೇನಿಲ್ಲ ಎಂಬುದನ್ನು ಮೊನ್ನೆ ಮೊನ್ನೆ ಕಂಪ್ಯೂಟರೊಂದು ನನ್ನ ಹೆಂಡತಿಯ ಎದುರಿಗೇ ತೋರಿಸಿಕೊಟ್ಟಿತು. ಅವಳಿಗೆ ಇದು ಹೊಸ ಸುದ್ದಿಯೇನಲ್ಲ. ಪುರಾವೆ ಸಿಕ್ಕಿದ್ದು ಮಾತ್ರ ಹೊಸದು.

ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಹೆಂಡತಿಯ ತಮ್ಮ ಶಿವಣ್ಣ ತಿ. ನರಸೀಪುರದಲ್ಲಿ ಟೈಲರ್ ಆಗಿದ್ದವನು. ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು, ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡ. ಮಾತಿಗೆ ಮಾತ್ರ ಏನೂ ಆಗಿಲ್ಲ. ಕೈ ಆಡಿಸಿದಂತೆ ಊಹಿಸಿಕೊಂಡರೆ ಸಾಕು, ಮಿದುಳಿನ ಸಂಕೇತ ಹಿಡಿದು ಕಂಪ್ಯೂಟರ್ ನಡೆಸಬಹುದು ಎಂದು ಮೈಸೂರಿನ ಕಾಲೇಜೊಂದರ ಮೇಡಂ ವೈರುಗಳ ಟೋಪಿ ತೆಗೆದುಕೊಂಡು ಅವನ ಮನೆಗೆ ಬಂದರು. ಆ ದಿನ ನಾನೂ ಹೆಂಡತಿಯೂ ಅಲ್ಲೇ ಇದ್ದೆವು. ಶಿವಣ್ಣ ಹೆದರಿದ. "ಮೊದ್ಲು ಭಾವನ ತಲೆಗ್ ಆಕಿ ಮೇಡಂ. ಅವರ್ಗೇನೂ ಆಗ್ನಿಲ್ಲ ಅಂದ್ರೆ ನಂಗ್ ಆಕಿ" ಎಂದ.

ಹೀಗೆ ನಾನು ಎಲ್ಲರೆದುರು ಟೋಪಿ ಹಾಕಿಸಿಕೊಂಡೆ. "ಕೂದಲಿನ ಅಡ್ಡಿಯೇ ಇಲ್ಲ ಸಾರ್" ಎಂದು ಮೇಡಂ ಖುಷಿಪಟ್ಟರು. ನನ್ನ ಬೋಳುತಲೆಗೆ ಸಿಕ್ಕ ಮೊದಲ ಹೊಗಳಿಕೆ ಅದು. ಬಲಗೈ ಮುಷ್ಟಿ ಬಿಗಿದಂತೆ ಊಹಿಸಿದರೆ ಪರದೆಯ ಮೇಲಿನ ಚುಕ್ಕಿ ಬಲಕ್ಕೆ ಹೋಗಬೇಕು. ಮೂವತ್ತು ವರ್ಷ ಮಕ್ಕಳ ಕೈ ಎತ್ತಿಸಿ ಇಳಿಸಿದವನಿಗೆ ಇದೇನು ಮಹಾ ಎಂದುಕೊಂಡೆ. ಆದರೆ ಮುಷ್ಟಿ ಬಿಗಿಯುವಷ್ಟರಲ್ಲಿ ಅದರೊಳಗೊಂದು ರಸಬಾಳೆ ಬಂದು ಕೂತಿತು. ಸಿಪ್ಪೆ ಸುಲಿಯುವಷ್ಟರಲ್ಲಿ, ಸಕ್ಕರೆ ಕಾಯಿಲೆಯ ಡಾಕ್ಟರು ಬಾಳೆಹಣ್ಣು ಬೇಡವೆಂದದ್ದು ನೆನಪಾಯಿತು. ಚುಕ್ಕಿ ಅಲುಗಲಿಲ್ಲ. ಅರ್ಧ ಗಂಟೆ ನೋಡಿದ ಹೆಂಡತಿ, "ಬುಡಿ ಮೇಡಂ, ಮನೇಲೂ ಇಷ್ಟೇಯ. ಕೆಲ್ಸ ಮಾಡ್ದಂಗೆ ಊಹೆ ಮಾಡ್ಕೊಳಕ್ಕೂ ಇವರ್ಗೆ ಸೋಮಾರ್ತನ" ಎಂದಳು.

ಆಮೇಲೆ ಶಿವಣ್ಣನ ಸರದಿ. ಮೊದಲ ದಿನ ಅವನಿಗೂ ಏನೂ ಆಗಲಿಲ್ಲ. ಮೇಡಂ ಬಿಡದೆ ವಾರಕ್ಕೆರಡು ಸಲ ಬಂದರು. ಮೂರನೆಯ ವಾರ ಚುಕ್ಕಿ ತಡವರಿಸುತ್ತ ಬಲಕ್ಕೆ ಹೊರಟಿತು, ನಿಂತಿತು, ಮತ್ತೆ ಹೊರಟು ಅಂಚು ಮುಟ್ಟಿಯೇಬಿಟ್ಟಿತು.

"ಅದೇನ್ಲಾ ಊಹೆ ಮಾಡ್ದೆ?" ಎಂದೆ.

"ಕತ್ರಿಲಿ ಬಟ್ಟೆ ಕತ್ತರಿಸ್ದೆ ಕಣ್ ಭಾವ. ಮಲಗಿದ್ ಕಡೇಲೇ ದಿನಾ ಒಂದ್ ಶರ್ಟು ಒಲೀತಾ ಇವ್ನಿ. ಯೋಳುದ್ರೆ ತಲೆ ಕೆಟ್ಟದೆ ಅಂತೀರ ಅಂತ ಸುಮ್ಕಿದ್ದೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಈಗ ಶಿವಣ್ಣ ಊಹೆಯಲ್ಲೇ ಟೀವಿ ಚಾನೆಲ್ ಬದಲಾಯಿಸುತ್ತಾನೆ. ನನ್ನ ಪಾತ್ರ ಮುಗಿಯಿತೆಂದುಕೊಂಡಿದ್ದೆ. ನಿನ್ನೆ ಮೇಡಂ ಫೋನ್ ಮಾಡಿ, "ಸಾರ್, ನೀವು ಪ್ರತಿ ವಾರ ಬರಲೇಬೇಕು. ಸಂಕೇತವೇ ಇಲ್ಲದಿದ್ದರೆ ಗ್ರಾಫ್ ಹೇಗಿರುತ್ತೆ ಅಂತ ಹೋಲಿಸಿ ನೋಡೋಕೆ ನಿಮ್ಮಷ್ಟು ಒಳ್ಳೆಯವರು ಇನ್ನೊಬ್ಬರು ಸಿಕ್ಕಿಲ್ಲ" ಎಂದರು. ವಿಜ್ಞಾನಕ್ಕೆ ನನ್ನ ಮಿದುಳು ಬೇಕಾಗಿದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಯಾಕೆ ಎಂಬುದನ್ನು ಇನ್ನೂ ಯಾರೂ ಕೇಳಿಲ್ಲ.