ಕರಿಕಿ ಕಾಯ್ದ ಅಂಜುಬುರುಕ

ಹುಲ್ಲು ಬೆಳೆಸುವ ಕೆಲಸದಲ್ಲಿ ಅಂಜುವಂಥದ್ದು ಏನಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಬೇಸಿಗೆ ಬೆಳೆಸಿ ನೋಡ್ರಿ. ನನಗಂತೂ ದಿನಕ್ಕೊಂದು ಹೆದರಿಕೆ ಗಂಟುಬೀಳುತ್ತಲೇ ಇತ್ತು. ಅಂದು ಕೈಕಾಲು ನಡುಗಿದ್ದನ್ನು ಇಂದು ಹೇಳಿದರೆ ಮನೆಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬ್ಯಾಡಗಿಯವನು, ರಾಣೆಬೆನ್ನೂರಿನ ಒಂದು ನರ್ಸರಿಯಲ್ಲಿ ಸಸಿ ನೋಡಿಕೊಂಡಿದ್ದೆ. ಐರಣಿ ಕಡೆಯ ಸಾಹೇಬರೊಬ್ಬರು ಮಿಲಿಟರಿಯಿಂದ ನಿವೃತ್ತರಾಗಿ ಊರಿಗೆ ಬಂದಿದ್ದರು. ಬಂದವರು ಹೊಳೆದಂಡೆಯ ತಮ್ಮ ಹೊಲದಲ್ಲಿ ಜೋಳ ಬಿತ್ತುವುದು ಬಿಟ್ಟು ಗಾಲ್ಫ್ ಮೈದಾನ ಮಾಡಿಸಿದರು. ಆರೇ ಆರು ಕುಣಿ, ಅಂದರೆ ಸಣ್ಣ ಗುಂಡಿ. ಕೋಲಿನಿಂದ ಚೆಂಡು ಹೊಡೆಯುತ್ತಾ ಒಂದೊಂದೇ ಕುಣಿಗೆ ಹಾಕುತ್ತಾ ಹೋಗುವುದೇ ಆಟ. ಪ್ರತಿ ಕುಣಿಯ ಸುತ್ತ ಅಂಗಳದಷ್ಟು ಜಾಗದಲ್ಲಿ ಕರಿಕಿ, ಅಂದರೆ ಗರಿಕೆ ಹುಲ್ಲು, ಜಮಖಾನದ ಹಾಗೆ ನುಣ್ಣಗೆ, ಹಸಿರಾಗಿ ಇರಬೇಕು. ಆ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅದನ್ನು ಕಾಯಲು ನನ್ನನ್ನು ಮಾಲಿ ಎಂದು ಇಟ್ಟುಕೊಂಡರು. ನೀರಿನ ಪಂಪು ನೋಡಿಕೊಳ್ಳಲು ಊರಿನ ಒಬ್ಬ ಚಾಚಾ ಇದ್ದರು. ದನಕ್ಕೂ ಹಾಕದ ಹುಲ್ಲಿಗೆ ನಾವಿಬ್ಬರೂ ದಿನಾ ನೀರುಣಿಸಿ ಕ್ಷೌರ ಮಾಡುವುದನ್ನು ರೈತರು ಬದುವಿನ ಮೇಲೆ ನಿಂತು ನೋಡಿ, ತಮ್ಮ ದನ ಹೊಡೆದುಕೊಂಡು ಹೋಗುತ್ತಿದ್ದರು.

ಒಂದು ವರ್ಷ ಶಿವರಾತ್ರಿ ಮುಗಿದ ಮೇಲೆ ಸಾಹೇಬರು ಕರೆದು ಹೇಳಿದರು: "ಮಾಲಿ, ಮಿರಗದ ಮಳಿ ಹೊತ್ತಿಗೆ, ಜೂನ್ ಸುರೂಗೆ, ನಮ್ಮ ದೊಡ್ಡ ಸಾಹೇಬ್ರು ಆಡಾಕ ಬರತಾರ. ಮಿಲಿಟರಿಯೊಳಗ ನನ್ನ ತಿದ್ದಿ ತೀಡಿದವ್ರು. ಗ್ರೀನ್ ಒಣಗಿದ್ರ ನಾ ಅವರಿಗೆ ಮುಖ ತೋರಸಾಂಗಿಲ್ಲ. ನೀ ನನಗ ಮುಖ ತೋರಸಬ್ಯಾಡ."

ಹೆಂಡತಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಆಗಷ್ಟೇ ಅಲ್ಲಿ ಬಿಡಾರ ಹೂಡಿದ್ದೆ. ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

೧. ಡಬ್ಬಿಯೊಳಗಿನ ರೋಗಿ

ಬಿಸಿಲು ಏರಿತು. ಒಂದು ಮುಂಜಾನೆ ಮೂರನೇ ಗ್ರೀನಿನ ನಡುವೆ ಊಟದ ತಾಟಿನಷ್ಟಗಲ ಹುಲ್ಲು ಹಳದಿಯಾಗಿತ್ತು. ಎರಡು ದಿನಕ್ಕೆ ಅದು ಬುಟ್ಟಿಯಷ್ಟಾಯಿತು. ವಾರದೊಳಗೆ ಚಕ್ಕಡಿ ಗಾಲಿಯಷ್ಟಾಯಿತು. ಹಿಂಗೇ ಹಬ್ಬಿದರೆ ಮಿರಗದ ಹೊತ್ತಿಗೆ ಗ್ರೀನೂ ಇಲ್ಲ, ನಾನೂ ಇಲ್ಲ.

ಒಂದು ಹೆಂಟೆ ಹುಲ್ಲನ್ನು ಬೇರುಸಹಿತ ಕಿತ್ತು, ಊಟದ ಡಬ್ಬಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಬಸ್ಸು ಹಿಡಿದೆ. ಪೇಟೆಯಲ್ಲಿ ಬೆಳೆಗಳ ರೋಗ ಬಲ್ಲವರೊಬ್ಬರಿದ್ದರು. ಅವರ ಮೇಜಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದೆ.

"ಏನಿದು?"

"ಕರಿಕಿ ರೀ. ಸಾಯಾಕತ್ತೈತಿ. ಹೆಂಗರ ಮಾಡಿ ಉಳಿಸಿಕೊಡ್ರಿ."

ಅವರು ಕನ್ನಡಕ ಏರಿಸಿ ಹುಲ್ಲು ನೋಡಿದರು. ಇಳಿಸಿ ನನ್ನನ್ನು ನೋಡಿದರು. ಆಮೇಲೆ ಎದ್ದುಹೋಗಿ ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿ ಕೇಳಿದರು: "ಕರಿಕಿ ಸಾಯವಲ್ದು ಅಂತ ಇಪ್ಪತ್ತು ವರ್ಷದಿಂದ ರೈತರು ನನ್ನ ಜೀವಾ ತಿನ್ನಾಕತ್ತಾರ. ಖರೇ ಹೇಳ್ರಿ, ನೀವು ಹೆಂಗ ಸಾಯಿಸಿದ್ರಿ?"

೨. ಹೆದರಿದ್ದು ಯಾರು

ಬಿಸಿಲೇರುವ ಮೊದಲೇ ನೀರು ಬಿಡಬೇಕೆಂದು ನಸುಕಿನಲ್ಲಿ ಹೋಗುತ್ತಿದ್ದೆ. ಒಂದು ದಿನ ಐದನೇ ಗ್ರೀನಿನ ಆಚೆ, ಬಯಲಿನಿಂದ "ಹೂಂ..." ಎಂದು ಸದ್ದು ಬಂತು. ದೊಡ್ಡ ಹಂಡೆಯೊಳಗೆ ಮುಖವಿಟ್ಟು ಯಾರೋ ನರಳಿದ ಹಾಗೆ. ನಿಂತಲ್ಲೇ ನಿಂತೆ. ಮತ್ತೆ "ಹೂಂ..."

ಚಾಚಾ ಪಂಪಿನ ಮನೆಯಿಂದ ಕೂಗಿ ಹೇಳಿದರು: "ಎರೆಭೂತ ಬಂದೈತಿ ನೋಡು ಬೇಟಾ!"

ಭೂತ ಎಂಬುದಷ್ಟೇ ನನ್ನ ಕಿವಿಗೆ ಬಿದ್ದಿದ್ದು. ಮಬ್ಬಿನಲ್ಲಿ ನೋಡುತ್ತೇನೆ, ಸೊಂಟದೆತ್ತರದ ಏನೋ ಒಂದು ಬೆಳ್ಳಗಿನ ಕೊರಳು ಉಬ್ಬಿಸಿಕೊಂಡು ನನ್ನ ಕಡೆಗೇ ಹೆಜ್ಜೆ ಹಾಕುತ್ತಿದೆ. ಪೈಪು ಒಗೆದು ಓಡಿದೆ. ಒಂದು ಚಪ್ಪಲಿ ಐದನೇ ಗ್ರೀನಿನಲ್ಲಿ, ಇನ್ನೊಂದು ನಾಲ್ಕನೆಯದರಲ್ಲಿ ಬಿತ್ತು. ಸಾಹೇಬರ ಪಡಸಾಲೆಯಲ್ಲಿ ಕಂಬ ತಬ್ಬಿಕೊಂಡು ನಿಂತು ಐದನೇ ಗ್ರೀನಿನ ಕಡೆ ಬೆರಳು ತೋರಿಸಿದೆ.

ಸಾಹೇಬರು ದುರ್ಬೀನು ಹಿಡಿದು ಹೋದರು. ಅರ್ಧ ತಾಸಿಗೆ ಮುಖ ಅರಳಿಸಿಕೊಂಡು ಬಂದರು. ಅದು ಹಕ್ಕಿ ಅಂತೆ. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಓಡಾಡುವ ದೊಡ್ಡ ಹಕ್ಕಿ, ನೋಡಲು ಸಿಗುವುದೇ ಅಪರೂಪ, ಅದಕ್ಕೇ ಜನ ಎರೆಭೂತ ಎನ್ನುತ್ತಾರಂತೆ.

ನನಗೆ ಹೋದ ಜೀವ ಬಂದ ಹಾಗಾಯಿತು. ಸಾಹೇಬರು ಮಾತ್ರ ಸಿಟ್ಟಾದರು. "ಇನ್ನೊಮ್ಮೆ ಅಲ್ಲಿ ಹಂಗ ಓಡಬ್ಯಾಡ ಮಾಲಿ. ಭಾಳ ಅಂಜುವ ಜಾತಿ ಅದು. ಪಾಪ, ನಿನ್ನ ನೋಡಿ ಎಷ್ಟು ಗಾಬರಿ ಆಗೈತೋ ಏನೋ!"

೩. ಕರೇ ಪೈಪು

ಇದು ಸಣ್ಣದು. ಒಂದು ಮಧ್ಯಾಹ್ನ ಬೆಂದ ಹುಲ್ಲಿಗೆ ತಂಪು ಮಾಡಲು ಹೋದೆ. ಬೇವಿನ ಗಿಡದ ನೆರಳಲ್ಲಿ ಕರೇ ಪೈಪು ಸುತ್ತಿಕೊಂಡು ಬಿದ್ದಿತ್ತು. ತುದಿ ಹುಡುಕಲು ಬಗ್ಗಿದೆ. ಪೈಪೇ ತುದಿ ಎತ್ತಿ ನನ್ನನ್ನು ನೋಡಿತು.

ಆಮೇಲೆ ಏನಾಯಿತೋ ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಚಾಚಾ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ನಾನು ಚಿಟ್ಟನೆ ಚೀರಿ ಅವರನ್ನು ದೂಡಿ ಹಿಂದಕ್ಕೆ ಸರಿದೆ, ಯಾಕೆಂದರೆ ಅವರು ನೀರು ಬಿಡುತ್ತಿದ್ದುದು ಪೈಪಿನಿಂದ.

೪. ಆರು ಕಬ್ಬಿಣದ ಕೋಲು

ದೊಡ್ಡ ಸಾಹೇಬರು ಬರಲು ಎರಡು ದಿನ ಉಳಿದಿತ್ತು. ಮಧ್ಯಾಹ್ನ ಗಾಳಿ ನಿಂತುಹೋಗಿ ಉಸಿರುಗಟ್ಟುವಷ್ಟು ಧಗೆಯಾಯಿತು. ನಾಲ್ಕರ ಹೊತ್ತಿಗೆ ಹೊಳೆಯ ಆಚೆ ದಂಡೆ ಕಪ್ಪಾಯಿತು. ಪ್ರತಿ ಕುಣಿಯಲ್ಲೂ ಒಂದೊಂದು ಕಬ್ಬಿಣದ ಕೋಲಿಗೆ ಬಾವುಟ ಕಟ್ಟಿರುತ್ತಿದ್ದೆವು. ಬಾವುಟ ಹರಿದಾವು ಎಂದು ಕಿತ್ತುಕೊಂಡು ಬರಲು ಓಡಿದೆ.

ಆರನೆಯದನ್ನು ಕಿತ್ತಾಗ ಆಲಿಕಲ್ಲು ಶುರುವಾಯಿತು. ಅಡಿಕೆಯಷ್ಟು ದಪ್ಪ, ಬೆನ್ನಿಗೆ ಕಲ್ಲು ಬೀಸಿದ ಹಾಗೆ. ಕಣ್ಣೆದುರಿಗೇ ಬದುವಿನ ಮೇಲಿನ ಜಾಲಿ ಗಿಡಕ್ಕೆ ಸಿಡಿಲು ಬಡಿಯಿತು. ಗಿಡ ಸೀಳಿ ಹೊಗೆ ಎದ್ದಿತು. ಮೂಗಿಗೆ ಸುಟ್ಟ ವಾಸನೆ ಬಂತು. ಸುತ್ತ ಬಯಲು, ಅದರ ನಡುವೆ ನೆಟ್ಟಗೆ ನಿಂತದ್ದು ಎಂದರೆ ನಾನು ಮತ್ತು ನನ್ನ ಹೆಗಲ ಮೇಲಿನ ಆರು ಕಬ್ಬಿಣದ ಕೋಲು. ಅಂದು ಮಕ್ಕಳ ಮುಖ ಕಣ್ಣಮುಂದೆ ಬಂದದ್ದು ಸುಳ್ಳಲ್ಲ.

ದೂರದ ಪಡಸಾಲೆಯಿಂದ ಸಾಹೇಬರು ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದರು. ಗುಡುಗಿನಲ್ಲಿ ಒಂದಕ್ಷರ ಕೇಳಲಿಲ್ಲ. ಕೋಲು ಲಗೂ ತಾ ಎನ್ನುತ್ತಿದ್ದಾರೆ ಎಂದುಕೊಂಡು ಇನ್ನೂ ಬಿಗಿಯಾಗಿ ಅವುಚಿಕೊಂಡು ಓಡಿದೆ. ಅವರು ಇನ್ನೂ ಜೋರಾಗಿ ಕೈ ಬೀಸಿದರು. ನಾನು ಇನ್ನೂ ಜೋರಾಗಿ ಓಡಿದೆ. ಮೆಟ್ಟಿಲು ಹತ್ತಿ ಆರೂ ಕೋಲನ್ನು ಅವರ ಕಾಲ ಬಳಿ ಇಟ್ಟೆ.

ಸಾಹೇಬರ ಗಂಟಲು ಕೂಗಿ ಕೂಗಿ ಒಡೆದಿತ್ತು. "ಕೋಲು ಅಲ್ಲೇ ಒಗಿ ಅಂದ್ನಲ್ಲೋ ಮಾಲಿ! ಒಗದು ನೆಲಕ್ಕ ಮಕ್ಕೋ ಅಂದೆ!" ಎಂದು ಕುರ್ಚಿಯ ಮೇಲೆ ಕುಸಿದರು. ನಂತರ ನನ್ನನ್ನೇ ದಿಟ್ಟಿಸಿ ನೋಡಿ ಹೇಳಿದರು: "ಎರಡು ಯುದ್ಧ ನೋಡೇನಿ. ನಿನ್ನಂಥ ಗಟ್ಟಿ ಗುಂಡಿಗಿ ಮನಷ್ಯಾನ್ನ ನೋಡಿರಲಿಲ್ಲ."

ನಾನಾಗಲೇ ಮತ್ತೆ ಪಡಸಾಲೆಯ ಕಂಬ ತಬ್ಬಿಕೊಂಡಿದ್ದೆ.

೫. ದೊಡ್ಡ ಸಾಹೇಬರು

ಮರುದಿನ ನೋಡಿದರೆ ಗ್ರೀನುಗಳ ಮೇಲೆ ಸಿಡುಬು ಎದ್ದ ಹಾಗೆ ಆಲಿಕಲ್ಲಿನ ಗುಳಿ. ನಾನು, ಚಾಚಾ ಕೂತು ಒಂದೊಂದಕ್ಕೂ ಚಿಟಿಕೆ ಉಸುಕು ತುಂಬಿ ರೋಲರ್ ಎಳೆದೆವು. ಸಂಜೆಗೆ ಎಲ್ಲಾ ಸರಿಯಾಯಿತು, ಮೂರನೆಯದರ ಸತ್ತ ಹುಲ್ಲೊಂದು ಬಿಟ್ಟು. ಪೇಟೆಯವರು ಕೊಟ್ಟ ಔಷಧಕ್ಕೆ ಹಬ್ಬುವುದು ನಿಂತಿತ್ತು, ಆದರೆ ಗಾಲಿಯಷ್ಟಗಲ ಹಳದಿ ಹಾಗೇ ಕೂತಿತ್ತು.

"ಅಂಜಬ್ಯಾಡ," ಎಂದರು ಚಾಚಾ. "ಮನ್ಯಾಗ ಬಟ್ಟಿಗೆ ಹಾಕೋ ಹಸರ ಬಣ್ಣ ಐತಿ."

ಬೆಳಗ್ಗೆ ಬೇಗ ಬಂದು ಬಣ್ಣ ಕಲಸಿ, ಜರಡಿ ಕ್ಯಾನಿನಿಂದ ಹೊಡೆದೆವು. ನೋಡಲು ಅಚ್ಚ ಹಸಿರು. ಆದರೆ ಮೋಡ ಮುಚ್ಚಿತ್ತು, ಹುಲ್ಲು ಒದ್ದೆ. ಬಣ್ಣ ಒಣಗಲಿಲ್ಲ. ಅಷ್ಟರಲ್ಲಿ ಜೀಪು ಬಂತು.

ದೊಡ್ಡ ಸಾಹೇಬರು ಮೈಸೂರು ಕಡೆಯ ಹಿರಿಯರು. ಟೋಪಿಯಿಂದ ಬೂಟಿನವರೆಗೆ ಬೆಳ್ಳಗಿನ ಉಡುಪು. ತೋಪಿನ ಸದ್ದಿಗೆ ಕಿವಿ ಮಂದವಾಗಿದ್ದವು. ಮೂರನೇ ಗ್ರೀನಿಗೆ ಬಂದರು. ಚೆಂಡಿನ ದಾರಿ ನೋಡಲು ಸರಿಯಾಗಿ ಆ ಜಾಗದಲ್ಲೇ ಮೊಣಕಾಲೂರಿದರು. ಎದ್ದಾಗ ಪ್ಯಾಂಟಿನ ಮೇಲೆ ರೊಟ್ಟಿಯಷ್ಟಗಲ ಹಸಿರು. ಅವರಿಗೆ ಗೊತ್ತಾಗಲಿಲ್ಲ. ನಮ್ಮ ಸಾಹೇಬರಿಗೆ ಗೊತ್ತಾಯಿತು. ಅವರು ಪ್ಯಾಂಟು ನೋಡಿದರು, ಹುಲ್ಲು ನೋಡಿದರು, ನನ್ನನ್ನು ನೋಡಿದರು. ಬಿಡಾರದ ಪಾತ್ರೆ ಪಡಗ ಕಟ್ಟಲು ಎಷ್ಟು ಗೋಣಿಚೀಲ ಬೇಕಾದೀತೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ.

ಚೆಂಡು ಉರುಳಿ ಕುಣಿಗೆ ಬಿತ್ತು. ದೊಡ್ಡ ಸಾಹೇಬರಿಗೆ ಹಿಡಿಸಲಾರದ ಸಂತೋಷ. ನನ್ನನ್ನು ಹತ್ತಿರ ಕರೆದರು. "ಬಾಪ್ಪಾ ಇಲ್ಲಿ. ಇಂಥ ಬಿಸಿಲೂರಲ್ಲಿ ಇಷ್ಟು ಹಸಿರು, ಇಷ್ಟು ನುಣುಪು! ಈ ಹುಲ್ಲಿಗೆ ಏನು ಹಾಕ್ತೀಯ?"

ಸುಳ್ಳು ಹೇಳಲು ಧೈರ್ಯ ಬೇಕು. ನನಗೆ ಅದೆಲ್ಲಿಂದ ಬರಬೇಕು? ಕೈ ಮುಗಿದೆ. "ತಪ್ಪಾತ್ರಿ ಸಾಹೇಬ್ರ. ಬಣ್ಣ ಹಾಕೇನ್ರಿ."

"ಏನು?"

"ಬಣ್ಣಾ ರೀ!"

"ಬೆಣ್ಣೆ!" ಎಂದು ದೊಡ್ಡ ಸಾಹೇಬರು ಬೆರಗಾಗಿ ನಮ್ಮ ಸಾಹೇಬರ ಕಡೆ ತಿರುಗಿದರು. "ಕೇಳಿದೆಯೇನಯ್ಯಾ? ಬೆಣ್ಣೆ ಹಾಕ್ತಾನಂತೆ! ಅದಕ್ಕೇ ಚೆಂಡು ಹಾಗೆ ಜಾರಿತು!"

ಎರಡು ಯುದ್ಧ ನೋಡಿದ ನಮ್ಮ ಸಾಹೇಬರು ಸೆಟೆದು ನಿಂತು ಹೇಳಿದರು: "ಹೌದ್ರಿ ಸರ್. ನಮ್ಮ ಮನಿ ಎಮ್ಮೀದು."

ನನ್ನ ಕೆಲಸ ಉಳಿಯಿತು. ತಿಂಗಳ ಮೇಲೆ ದೊಡ್ಡ ಸಾಹೇಬರಿಂದ ಕಾಗದ ಬಂತು. ಸಾಹೇಬರು ನನ್ನನ್ನು, ಚಾಚಾರನ್ನು ಪಡಸಾಲೆಗೆ ಕರೆದು ಓದಿ ಹೇಳಿದರು. ನಡುನಡುವೆ ಕಣ್ಣು ಒರೆಸಿಕೊಂಡರು.

"ನಿನ್ನ ಮಾಲಿ ಹೇಳಿದಂತೆ ನಮ್ಮ ಮನೆ ಮುಂದಿನ ಹುಲ್ಲಿಗೂ ಬೆಣ್ಣೆ ಹಾಕಿಸಿದೆ. ಬೀದಿಯ ನಾಯಿಗಳೆಲ್ಲ ಕಾಂಪೌಂಡು ಹಾರಿ ಬಂದು ಹುಲ್ಲು ನೆಕ್ಕುತ್ತಿವೆ. ನನ್ನ ಹೆಂಡತಿ ಮಾತು ಬಿಟ್ಟಿದ್ದಾಳೆ. ದಯವಿಟ್ಟು ಅವನನ್ನು ಕೇಳಿ ಕೂಡಲೇ ತಿಳಿಸು: ಬೆಣ್ಣೆ ಹಾಗೇ ಹಾಕಬೇಕೋ, ಕಾಯಿಸಿ ಹಾಕಬೇಕೋ?"