ಸಕ್ಕರೆಯ ಮೇಲೆ ನನ್ನ ವಿಟಮಿನ್ ದಂಡಯಾತ್ರೆ

ಮುಂದಿನ ತಪಾಸಣೆಯೊಳಗೆ ಸಕ್ಕರೆ ಕಾಯಿಲೆಗೆ ಮಣ್ಣು ಮುಕ್ಕಿಸುತ್ತೇನೆಂದು ಊಟದ ಮೇಜಿನ ಮುಂದೆ ನಿಂತು ಘೋಷಿಸಿಬಿಟ್ಟೆ! ಒಳಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಚುಚ್ಚಬೇಕಾಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ವಿಟಮಿನ್ ತಿಂದರೆ ಸಕ್ಕರೆ ಬಾಲ ಮುದುರಿಕೊಂಡು ಓಡುತ್ತದೆಂದು ನಮ್ಮ ಆಫೀಸಿನ ಕ್ಯಾಷಿಯರ್ ಹೇಳಿದ್ದ. ನನಗೆ ಕ್ಯಾಷಿಯರನ ಮಾತೇ ರುಚಿಸಿತು, ಅದರಲ್ಲಿ ಸೂಜಿಯಿರಲಿಲ್ಲ.

ಔಷಧಿ ಅಂಗಡಿಯಿಂದ ಬಣ್ಣಬಣ್ಣದ ಡಬ್ಬಿಯೊಂದನ್ನು ತಂದೆ. ಅಗಿದು ತಿನ್ನುವ ಮಾತ್ರೆ. ನನ್ನ ಹಲ್ಲುಗಳು ಮೊದಲೇ ಅಲ್ಲಾಡುತ್ತಿದ್ದವು, ಹಾಗಾಗಿ ಬೆರಳಲ್ಲೇ ಪುಡಿ ಮಾಡಿ ಬಾಯಿಗೆ ಹಾಕಿಕೊಂಡೆ. ಶತ್ರು ಎಷ್ಟು ದೂರ ಓಡಿದ್ದಾನೆಂದು ನೋಡಲು ಬೆರಳು ಚುಚ್ಚಿ ಮನೆಯಲ್ಲಿದ್ದ ಸಕ್ಕರೆ ಅಳೆಯುವ ಮೀಟರಿಗೆ ರಕ್ತ ಕೊಟ್ಟೆ. ನಾನೂರ ಹತ್ತು!

ಶಕ್ತಿಗಿರಲಿ ಎಂದು ಇನ್ನೊಂದು ಮಾತ್ರೆ ಪುಡಿ ಮಾಡಿ ತಿಂದು ಮತ್ತೆ ಚುಚ್ಚಿಕೊಂಡೆ. ನಾನೂರ ಎಂಬತ್ತು! ಕದ್ದು ಸಿಹಿ ತಿಂದಿರಬೇಕೆಂದು ಹೆಂಡತಿ ನನ್ನ ಆಫೀಸಿನ ಚೀಲ, ಶರ್ಟಿನ ಜೇಬು ಎಲ್ಲ ಜಾಲಾಡಿದಳು. ಏನೂ ಸಿಗದಿದ್ದಾಗ ಅವಳ ಮುಖವೂ ಬಿಳಿಚಿತು. ಚುಚ್ಚಿ ಚುಚ್ಚಿ ನನ್ನ ಬೆರಳು ನೋಯುತ್ತಿದ್ದುದರಿಂದ ಮೂರನೆಯ ಮಾತ್ರೆಯನ್ನು ಅವಳೇ ಪುಡಿ ಮಾಡಿ ತಿನ್ನಿಸಿದಳು. ಮೀಟರೇ ಕೆಟ್ಟಿರಬಹುದೆಂದು ತನ್ನ ಬೆರಳನ್ನೂ ಚುಚ್ಚಿ ನೋಡಿದಳು. ಮುನ್ನೂರ ತೊಂಬತ್ತು!

“ರೀ, ನಿಮ್ಮ ಸಕ್ಕರೆ ನನಗೂ ಅಂಟಿಕೊಳ್ತಲ್ರೀ,” ಎಂದು ಕುರ್ಚಿಯಲ್ಲಿ ಕುಸಿದಳು.

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ನಾನು ಹೋದರೆ ಅವಳು ಹೇಗೋ ಮನೆ ನಡೆಸುತ್ತಾಳೆ. ಅವಳು ಹೋದರೆ ನನಗೆ ಒಲೆ ಹಚ್ಚಲೂ ಬಾರದು. ಅವಳ ಚಪ್ಪಲಿ ನಾನು, ನನ್ನದು ಅವಳು ಮೆಟ್ಟಿಕೊಂಡು ಡಬ್ಬಿ ಸಮೇತ ಡಾಕ್ಟರ ಬಳಿಗೆ ಓಡಿದೆವು.

ಡಾಕ್ಟರು ಡಬ್ಬಿ ನೋಡಿದರು, ನಮ್ಮ ಕೈ ನೋಡಿದರು, ಮೂಲೆಯ ನಲ್ಲಿ ತೋರಿಸಿ ಸೋಪು ಹಚ್ಚಿ ತೊಳೆದು ಬನ್ನಿ ಎಂದರು. ಆಮೇಲೆ ಚುಚ್ಚಿದರೆ ಅವಳಿಗೆ ತೊಂಬತ್ತೈದು, ನನಗೆ ನೂರ ತೊಂಬತ್ತು! ಆ ಮಾತ್ರೆಯಲ್ಲೇ ಸಕ್ಕರೆ ಇತ್ತಂತೆ. ಬೆರಳಿಗೆ ಮೆತ್ತಿಕೊಂಡ ಪುಡಿಯನ್ನೂ ಮೀಟರು ರಕ್ತದ ಲೆಕ್ಕಕ್ಕೇ ಸೇರಿಸಿತ್ತಂತೆ. ನನ್ನ ಹಳೆಯ ರಿಪೋರ್ಟಿನಲ್ಲಿ ವಿಟಮಿನ್ ಕೊರತೆಯೇ ಇರಲಿಲ್ಲವಂತೆ, ಇದ್ದಿದ್ದರೂ ವಿಟಮಿನ್ ಸಕ್ಕರೆ ಇಳಿಸುವ ಮದ್ದಲ್ಲವಂತೆ. ಬರೆದುಕೊಟ್ಟ ಮಾತ್ರೆ, ನಡಿಗೆ, ಬಾಯಿಗೆ ಹಿಡಿತ, ಇಷ್ಟು ಮಾಡಿ ಸಾಕು ಎಂದರು.

ಉಳಿದಷ್ಟು ಮಾನವಾದರೂ ಉಳಿಯಲಿ ಎಂದು, ಹಾಗಾದರೆ ಈ ಡಬ್ಬಿಯಿಂದ ಯಾರಿಗೂ ಪ್ರಯೋಜನವಿಲ್ಲವೇ ಎಂದು ಕೇಳಿದೆ.

“ಇದೆಯಲ್ಲ. ಮೇಲೇ ಬರೆದಿದೆ ನೋಡಿ, ಎರಡರಿಂದ ಹತ್ತು ವರ್ಷದ ಮಕ್ಕಳಿಗೆ.”

ಹೆಂಡತಿ ಡಬ್ಬಿಯನ್ನು ತೆಗೆದು ನನ್ನ ಕೈಗೇ ಕೊಟ್ಟಳು.

“ಹಾಗಾದ್ರೆ ಇವರು ಸರಿಯಾದದ್ದನ್ನೇ ತಂದಿದ್ದಾರೆ ಬಿಡಿ, ಡಾಕ್ಟ್ರೇ.”