ಹಕಾರಕ್ಕೊಂದು ಪಕಾರ

ನಮ್ಮ ಮನೆತನದಲ್ಲಿ ಯಾರಾದರೂ ತಮಿಳಿನಲ್ಲಿ ಫೇಲಾದರು ಎಂದರೆ ಅದು ಮೀನು ಈಜಲು ಬಾರದೆ ಮುಳುಗಿದಂತೆ! ನಾವು ಹೊಳೆನರಸೀಪುರದ ಅಯ್ಯಂಗಾರರು. ಎಷ್ಟು ತಲೆಮಾರುಗಳಿಂದ ಇಲ್ಲಿದ್ದೇವೋ ಲೆಕ್ಕವಿಟ್ಟವರಿಲ್ಲ. ಆದರೆ ಮನೆಯೊಳಗೆ ಇಂದಿಗೂ ತಮಿಳೇ. ತಿಳಿಸಾರಿಗೆ ಸಾತ್ತಮದು ಎನ್ನುತ್ತೇವೆ, ಬೆಕ್ಕನ್ನು ಬೈಯುವುದೂ ತಮಿಳಿನಲ್ಲೇ. ಹೀಗಿರುವಾಗ ಕೊಯಮತ್ತೂರಿನಿಂದ ಮಗಳು ಫೋನು ಮಾಡಿ, "ಅಪ್ಪಾ, ಮಕ್ಕಳಿಬ್ಬರೂ ತಮಿಳಲ್ಲಿ ಫೇಲು" ಎಂದಾಗ ನನ್ನ ಮೀಸೆ ತಾನಾಗಿಯೇ ನಿಮಿರಿ ನಿಂತಿತು.

ಮಗಳು ಬ್ಯಾಂಕಿನವಳು, ಅಳಿಯನ ಕೆಲಸ ಹೊರದೇಶದಲ್ಲಿ. ಒಂದು ವರ್ಷದ ಹಿಂದೆ ಅವಳಿಗೆ ಹಾಸನದಿಂದ ಕೊಯಮತ್ತೂರಿಗೆ ವರ್ಗವಾಯಿತು. ಅಲ್ಲಿನ ಶಾಲೆಯಲ್ಲಿ ತಮಿಳು ಕಡ್ಡಾಯ. ಹಾಸನದಲ್ಲಿ ಕನ್ನಡವಾಡಿಯೇ ಬೆಳೆದ ಏಳನೇ ತರಗತಿಯ ವಸಿಷ್ಠ, ನಾಲ್ಕನೆಯ ಇಂಚರ, ಇಬ್ಬರೂ ವರ್ಷವಿಡೀ ತಮಿಳು ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದಿದ್ದರು. ಬೇಸಿಗೆ ರಜದಲ್ಲಿ ಇಬ್ಬರೂ ಒಂದೊಂದು ಪ್ರಬಂಧ ಬರೆದು ಫೋಟೋ ತೆಗೆದು ಕಳಿಸಬೇಕು, ಅದೂ ಆಗದಿದ್ದರೆ ಮುಂದಿನ ವರ್ಷ ತಮಿಳು ಪೀರಿಯಡ್ಡಿಗೆ ಒಂದನೇ ತರಗತಿಯಲ್ಲಿ ಕೂರಬೇಕು ಎಂದು ಅವರ ಟೀಚರು ತೀರ್ಪು ಕೊಟ್ಟಿದ್ದರು.

"ಮಕ್ಕಳನ್ನು ಇಲ್ಲಿಗೆ ಕಳಿಸು!" ಎಂದೆ. "ಅರಕಲಗೂಡು ಹೈಸ್ಕೂಲಿನಲ್ಲಿ ಜೀವನವಿಡೀ ಗಣಿತ ಕಲಿಸಿದವನು ನಾನು. ಬೀಜಗಣಿತ ಕಲಿಸಿದವನಿಗೆ ಮಾತೃಭಾಷೆ ಕಲಿಸುವುದು ಯಾವ ಲೆಕ್ಕ?"

ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಶ್ರೀರಂಗಮ್ಮ ತಲೆ ಎತ್ತಿದಳು. "ಏನೂಂದ್ರೆ, ನಿಮಗೆ ತಮಿಳು ಓದೋಕೆ ಬರುತ್ತಾ?"

"ಬರುತ್ತದೆಯೇ ಎಂದರೆ? ದಿನಾ ಆಳ್ವಾರರ ತಮಿಳು ಪಾಶುರ ಓದುವುದಿಲ್ಲವೇ?"

"ಅದು ಕನ್ನಡ ಅಕ್ಷರದಲ್ಲಿ ಅಚ್ಚಾಗಿರೋ ಪುಸ್ತಕ."

ಈ ಹೆಂಗಸಿಗೆ ಬೇಡದ ವಿವರಗಳೇ ಮೊದಲು ಕಾಣುತ್ತವೆ!

ಮಕ್ಕಳು ಬಂದರು. ಮೊದಲ ದಿನವೇ ಜಗಲಿಯಲ್ಲಿ ಚಾಪೆ ಹಾಸಿ, ಪಠ್ಯಪುಸ್ತಕ ತೆರೆದೆ. ತೆರೆದವನೇ ಮುಚ್ಚಿದೆ. ಆ ಅಕ್ಷರಗಳಲ್ಲಿ ಒಂದರ ಪರಿಚಯವೂ ನನಗಿರಲಿಲ್ಲ. ಬಿಸಿ ಎಣ್ಣೆಗೆ ಬಿಟ್ಟ ಮುರುಕಿನ ಹಾಗೆ ಸುರುಳಿ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದವು.

"ತಾತಂಗೆ ಓದೋಕೆ ಬರಲ್ಲ!" ಇಂಚರ ಡಂಗುರ ಸಾರಿದಳು.

"ಕನ್ನಡಕ ಸರಿಯಿಲ್ಲ."

"ಕನ್ನಡಕದಲ್ಲಿ ಕನ್ನಡ ಮಾತ್ರ ಕಾಣುತ್ತಾ, ತಾತಾ?" ಎಂದ ವಸಿಷ್ಠ.

ನಾನು ಸೋಲುವವನೇ? ವಿಚಾರಿಸಿದಾಗ ಒಂದು ಮಹತ್ವದ ಸಂಗತಿ ಹೊರಬಿತ್ತು. ಮಕ್ಕಳಿಗೆ ಅಕ್ಷರವೆಲ್ಲ ಚೆನ್ನಾಗಿ ಬರುತ್ತಿತ್ತು. ಪದ ಗೊತ್ತಿಲ್ಲ ಎಂದರು. ನನಗೆ ಪದ ಗೊತ್ತು, ಅಕ್ಷರ ಬಾರದು. "ಆಹಾ! ಅಕ್ಷರ ನಿಮ್ಮದು, ಪದ ನನ್ನದು. ಇನ್ನು ನಮ್ಮನ್ನು ತಡೆಯುವವರು ಯಾರು?"

"ನಾನು ತಡೀತೀನಿ," ಎಂದಳು ಇಂಚರ ಕೈಕಟ್ಟಿ ಕುಳಿತು. "ನಾನು ಕಲಿಯಲ್ಲ ಅಂದ್ರೆ ಕಲಿಯಲ್ಲ. ಚಕ್ಲಿ ಕೊಟ್ರೂ ಕಲಿಯಲ್ಲ. ಹೊಡೆದ್ರೂ ಕಲಿಯಲ್ಲ."

ಚಕ್ಕುಲಿ ಕೊಟ್ಟೆ. ತಿಂದಳು. ಕಲಿಯಲಿಲ್ಲ.

ಇಂಥ ಮಕ್ಕಳಿಗೆ ಸೂತ್ರವೇ ಮದ್ದು! ಗಣಿತದ ಮೇಷ್ಟ್ರಾಗಿ ಅದು ನನ್ನ ನಂಬಿಕೆ. ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಥಟ್ಟನೆ ಹೊಳೆದುಬಿಟ್ಟಿತು. ಹಲ್ಲು, ಪಲ್ಲು! ಹಾಲು ಪಾಲು, ಹೂವು ಪೂವು, ಹತ್ತು ಪತ್ತು, ಹಸು ಪಸು! ಕನ್ನಡದಲ್ಲಿ ಹಕಾರ ಇರುವಲ್ಲೆಲ್ಲ ತಮಿಳಿನಲ್ಲಿ ಪಕಾರ! ಬಾಯಲ್ಲಿ ನೊರೆ ತುಂಬಿಕೊಂಡೇ ಜಗಲಿಗೆ ಓಡಿ ಬಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಹ = ಪ. ಕೆಳಗೆ, ನನ್ನದೇ ಹೆಸರಿನಲ್ಲಿ, ಚಲುವನಾರಾಯಣ ಸೂತ್ರ.

ಪಕ್ಕದ ಮನೆಯ ತೆಂಗಿನಕಾಯಿ ವ್ಯಾಪಾರಿ ಷಡಕ್ಷರಿ ಕಾಂಪೌಂಡಿನಾಚೆಯಿಂದ ಎಲ್ಲ ನೋಡುತ್ತಿದ್ದ. ಸೂತ್ರವನ್ನು ವಿವರಿಸಿದೆ. ಅವನ ಮುಖ ಬಾಡಿತು.

"ಅಂಗಾರೆ ನಮ್ಗೆ ಈ ಜನ್ಮದಾಗೆ ತಮಿಳ್ ಬರಾಕಿಲ್ಲ ಬುಡಿ ಸಾ."

"ಯಾಕಯ್ಯ?"

"ನಮ್ ಬಾಯಾಗೆ 'ಅ'ನೇ ಇಲ್ವಲ್ಲ ಸಾ!"

"ಯಾವ ಅ?"

"ಅದೇ ಸಾ, ಆಸನದ 'ಅ'!"

ಮಕ್ಕಳಿಬ್ಬರೂ ಚಾಪೆಯ ಮೇಲೆ ಬಿದ್ದು ಉರುಳಾಡಿದರು. ನಗು ನಿಂತ ಮೇಲೆ ಇಂಚರ ನನ್ನ ಸೂತ್ರದ ಮೇಲೆ ಯುದ್ಧಕ್ಕೇ ನಿಂತಳು.

"ಹಾಸನಕ್ಕೆ ತಮಿಳಲ್ಲಿ ಏನು ತಾತಾ? ಪಾಸನನಾ?"

"ಊರಿನ ಹೆಸರಿಗೆ ವಿನಾಯಿತಿ."

"ಹೋಟ್ಲು? ಪೋಟ್ಲಾ?"

"ಇಂಗ್ಲಿಷಿಗೆ ವಿನಾಯಿತಿ."

"ಹನುಮಂತ?"

"ದೇವರ ತಂಟೆಗೆ ಹೋಗಬೇಡ!"

"ಹೆಂಡತಿ?" ಎಂದು ಒಳಗಿನಿಂದ ಶ್ರೀರಂಗಮ್ಮ ಕೇಳಿದಳು. ಆ ಪ್ರಶ್ನೆಗೆ ಉತ್ತರಿಸುವುದು ಕ್ಷೇಮವಲ್ಲವೆಂದು ನಾನು ಮುಖ ತೊಳೆಯಲು ಹೋದೆ.

ಆದರೆ ಹುಡುಗಿಯ ಹಟ ಬರಬರುತ್ತ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಪೆನ್ಸಿಲನ್ನು ಅಕ್ಕಿಡಬ್ಬದಲ್ಲಿ ಬಚ್ಚಿಟ್ಟಳು. ಪುಸ್ತಕವನ್ನು ಹೇಮಾವತಿಗೆ ಬಿಡಲು ಹೊರಟವಳನ್ನು ಷಡಕ್ಷರಿ ಅರ್ಧ ದಾರಿಯಿಂದ ಕರೆತಂದ. "ಏನವ್ವ, ಒಳೆಗ್ ಆಕಾಕೆ ಓಗಿದ್ಯಲ್ಲ! ಓದೋ ಪುಸ್ತಕ ಕಣವ್ವ ಅದು!" ಎಂದು ಅವನು ಬೈದರೂ ಅವಳು ತಲೆ ತಗ್ಗಿಸಲಿಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದೆ. "ಒಂದನೇ ತರಗತಿಯ ಪುಟಾಣಿಗಳ ಜೊತೆ ಕೂರಬೇಕಾಗುತ್ತದಲ್ಲ, ನಾಚಿಕೆಯಾಗುವುದಿಲ್ಲವೇ?"

"ನಾವ್ಯಾಕೆ ಕೂರ್ತೀವಿ? ನಾವು ಅಲ್ಲಿ ಇರೋದೇ ಇಲ್ಲ!"

ವಸಿಷ್ಠ ಅವಳ ಕಾಲು ತುಳಿದ. ತಡವಾಗಿತ್ತು. ನಿಧಾನವಾಗಿ ನಿಜ ಹೊರಬಂತು. ವರ್ಷದ ಆರಂಭದಲ್ಲೇ ಎಂದೋ ಮಗಳು ಕೋಪದಲ್ಲಿ, "ತಮಿಳು ಕಲಿಯದೇ ಇದ್ರೆ ನಿಮ್ಮಿಬ್ಬರನ್ನೂ ಹೊಳೆನರಸೀಪುರಕ್ಕೆ ಅಟ್ಟಿಬಿಡ್ತೀನಿ!" ಎಂದಿದ್ದಳಂತೆ. ಅವಳು ಶಿಕ್ಷೆ ಎಂದುಕೊಂಡು ಹೇಳಿದ್ದು ಇವರಿಗೆ ಬಹುಮಾನವಾಗಿ ಕೇಳಿಸಿತ್ತು! ಅಲ್ಲಿಂದ ಶುರು ಖಾಲಿ ಹಾಳೆ. ಬೀದಿಯ ಹುಡುಗರ ಜೊತೆ ಆಡಿ ಆಡಿ ಅಲ್ಲಿನ ತಮಿಳು ಮಾತು ಇಬ್ಬರಿಗೂ ನೀರಿನಂತೆ ಬರುತ್ತಿತ್ತು. ಬರುವುದಿಲ್ಲ ಎಂದದ್ದು ಶುದ್ಧ ನಾಟಕ.

"ಇಲ್ಲಿ ನೀವಿದೀರ, ಅಜ್ಜಿ ಇದಾರೆ. ಅಲ್ಲಿ ಅಮ್ಮ ಆಫೀಸಿಂದ ಬರೋ ತನಕ ಬೀಗ ಹಾಕಿರೋ ಮನೆ," ಎಂದ ವಸಿಷ್ಠ ನೆಲ ನೋಡುತ್ತ.

ಇಬ್ಬರ ತಲೆಯನ್ನೂ ಸವರಿ ಎದ್ದೆ. ಒಳಗೆ ಹೋಗಿ ಶ್ರೀರಂಗಮ್ಮನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತು. ಬಂದ ದಿನವೇ ಹೇಳಿದ್ವು."

"ಮತ್ತೆ ನನಗೇಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಪಾಠ ನಿಲ್ಲಿಸಿಬಿಡ್ತಿದ್ರಿ. ಕಲಿಸಿ, ಚೆನ್ನಾಗಿ ಕಲಿಸಿ. ನೀವು ಹೀಗೇ ಕಲಿಸ್ತಾ ಇದ್ರೆ ಮಕ್ಕಳು ಇಲ್ಲಿಗೆ ಬರೋದು ಗ್ಯಾರಂಟಿ!"

ಎಂಥ ಮಾತು! ಮಕ್ಕಳು ಜಗಲಿಯಲ್ಲೇ ಇರಲಿ ಎಂಬ ಆಸೆ ನನಗೂ ಇತ್ತು, ಸುಳ್ಳೇಕೆ? ಆದರೆ ಮಗಳ ಮುಖವೂ ಕಣ್ಣ ಮುಂದೆ ಬಂತು. ಮಕ್ಕಳನ್ನು ಬಿಟ್ಟು ಅವಳು ಆ ಬೀಗದ ಮನೆಗೆ ಒಬ್ಬಳೇ ಹೋಗಬೇಕೇ? ಎಲ್ಲಕ್ಕಿಂತ ಮಿಗಿಲಾಗಿ, ಚಲುವನಾರಾಯಣ ಮೇಷ್ಟ್ರ ಶಿಷ್ಯರು ಫೇಲಾಗುವುದೆಂದರೇನು? ಅದೂ ಹೆಂಡತಿಯ ಗ್ಯಾರಂಟಿಯ ಮೇಲೆ! "ಪ್ರಬಂಧ ಬರೆಸಿಯೇ ತೀರುತ್ತೇನೆ! ಪಾಸು ಮಾಡಿಸಿಯೇ ತೀರುತ್ತೇನೆ!" ಎಂದು ಅಡುಗೆಮನೆಯಲ್ಲೇ ಘೋಷಿಸಿದೆ. ಒಗ್ಗರಣೆ ಚಟಪಟ ಎಂದು ಚಪ್ಪಾಳೆ ತಟ್ಟಿತು.

ಮರುದಿನ ಪವಾಡ! ಮಕ್ಕಳಿಬ್ಬರೂ ತಾವಾಗಿಯೇ ಪೆನ್ಸಿಲು ಹಿಡಿದು ಬಂದು ಕೂತರು. "ಹೇಳಿ ತಾತಾ. ನೀವು ಹೇಳಿದ್ದನ್ನ ಒಂದಕ್ಷರ ಬಿಡದೆ ಬರೀತೀವಿ," ಎಂದ ವಸಿಷ್ಠ. ಎಂದೂ ಇಲ್ಲದ ಈ ವಿನಯ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು!

ವಿಷಯ, 'ರಜದಲ್ಲಿ ನಾನು'. ಮೊದಲ ವಾಕ್ಯವನ್ನು ಕನ್ನಡದಲ್ಲಿ ಕಟ್ಟಿ ಸೂತ್ರದ ಗಾಣಕ್ಕೆ ಕೊಟ್ಟೆ. ರಜದಲ್ಲಿ ನಾನು ತಾತನ ಹಳ್ಳಿಗೆ ಹೋದೆ. ಹಳ್ಳಿ, ಪಳ್ಳಿ!

"ಹೊಳೆನರಸೀಪುರ ಯಾವಾಗ ಹಳ್ಳಿ ಆಯ್ತು? ತಾಲ್ಲೂಕು ಕಚೇರಿ ಇದೆ," ಎಂದಳು ಶ್ರೀರಂಗಮ್ಮ.

"ಪ್ರಬಂಧದಲ್ಲಿ ಎಲ್ಲರ ತಾತನೂ ಹಳ್ಳಿಯಲ್ಲೇ ಇರುವುದು! ಸುಮ್ಮನಿರು!"

ಮುಂದಿನದು, ಅಜ್ಜಿ ದಿನಾ ಹುಳಿ ಮಾಡಿದರು, ನಾವು ಅನ್ನಕ್ಕೆ ಹುಳಿ ಹಾಕಿಕೊಂಡು ತಿಂದೆವು. ವಸಿಷ್ಠ ಪೆನ್ಸಿಲು ಎತ್ತಿದ. "ಲ, ಳ ತರಹದ ಅಕ್ಷರ ತಮಿಳಲ್ಲಿ ಮೂರಿವೆ. ಯಾವುದು ಹಾಕ್ಲಿ?"

"ಪಳ್ಳಿಗೆ ಯಾವುದು ಹಾಕಿದೆ?"

"ಒಂದು ಹಾಕ್ದೆ."

"ಹಾಗಾದರೆ ಇದಕ್ಕೆ ಬೇರೆ ಹಾಕು. ಬರವಣಿಗೆಯಲ್ಲಿ ವೈವಿಧ್ಯ ಇರಬೇಕು!"

ಇಂಚರ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡಳು. ಪಾಪ, ಏಕಾಗ್ರತೆ ಎಂದುಕೊಂಡೆ. ಹೊಳೆಯಲ್ಲಿ ಸ್ನಾನ ಮಾಡಿದೆವು ಎಂಬುದಕ್ಕೆ 'ಪೊಳೆ' ಬಂತು. ತಾತ ದಿನಾ ನಮಗೆ ಹಾಡು ಹೇಳಿಕೊಟ್ಟರು ಎಂಬುದನ್ನು ಚಿಕ್ಕದಾಗಿಸಿ 'ಪಾಡು' ಕೊಟ್ಟರು ಎಂದೆ. ಇಂಚರ ಅಣ್ಣನದನ್ನೇ ನೋಡಿಕೊಂಡು ದುಂಡಗೆ ಇಳಿಸಿದಳು. ಫೋಟೋ ತೆಗೆದು ನಾನೇ ಕಳಿಸಿದೆ.

ರಜ ಮುಗಿಯಿತು. ಮಕ್ಕಳನ್ನು ಕರೆದೊಯ್ಯಲು ಮಗಳು ಬಂದಳು. ಅಂದೇ ಸಂಜೆ ಟೀಚರಿಂದ ಅವಳಿಗೆ ವಿಡಿಯೋ ಕಾಲು ಬಂತು. ನಾವೆಲ್ಲ ಮೊಬೈಲಿನ ಸುತ್ತ ಮುತ್ತಿಕೊಂಡೆವು. ಟೀಚರು ಎರಡು ಸಾಲು ಓದುವುದು, ಕಣ್ಣೊರೆಸಿಕೊಳ್ಳುವುದು, ಮತ್ತೆ ಓದುವುದು. ಅಳುತ್ತಿದ್ದಾರೆಂದು ನಾನು ಹೆಮ್ಮೆಪಟ್ಟೆ. ನಗುತ್ತಿದ್ದರು! ಮಗಳು ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದಳು.

"'ರಜದಲ್ಲಿ ನಾನು ತಾತನ ಸ್ಕೂಲಿಗೆ ಹೋದೆ.' ಪಳ್ಳಿ ಅಂದ್ರೆ ಸ್ಕೂಲು ಅಪ್ಪಾ! 'ಅಜ್ಜಿ ದಿನಾ ಹುಲಿ ಮಾಡಿದರು. ನಾವು ಅನ್ನಕ್ಕೆ ಹುಲಿ ಹಾಕಿಕೊಂಡು ತಿಂದೆವು.' ಪುಳಿ ಹೋಗಿ ಪುಲಿ ಆಗಿದೆ!"

"ಅಯ್ಯಯ್ಯೋ!" ಶ್ರೀರಂಗಮ್ಮ ಎರಡೂ ಕಿವಿ ಮುಚ್ಚಿಕೊಂಡಳು. "ಈರುಳ್ಳಿ ಸೇರಿಸದ ಮನೇಲಿ ಹುಲೀನಾ?"

"'ಆಮೇಲೆ ಪೊಳೆಯಲ್ಲಿ ಸ್ನಾನ ಮಾಡಿದೆವು.' ಪೊಳೆ ಅನ್ನೋದು ನಿಮ್ಮ ಕಡೆಯ ಯಾವುದಾದ್ರೂ ಎಣ್ಣೇನಾ ಅಂತ ಕೇಳ್ತಿದಾರೆ. 'ತಾತ ದಿನಾ ನಮಗೆ ಕಷ್ಟ ಕೊಟ್ಟರು.' ಪಾಡು ಅಂದ್ರೆ ಕಷ್ಟ!"

"ಅದೊಂದು ಸಾಲು ಮಾತ್ರ ಸರಿಯಾಗಿದೆ," ಎಂದಳು ಇಂಚರ.

ಫೇಲಾಯಿತೆಂದು ಮಕ್ಕಳು ಆಗಲೇ ಕೈ ಕೈ ತಟ್ಟಿಕೊಂಡಿದ್ದರು. ಶ್ರೀರಂಗಮ್ಮ ಮಕ್ಕಳ ಹಾಸಿಗೆ ಬಿಸಿಲಿಗೆ ಹಾಕುವ ಯೋಚನೆಯಲ್ಲಿದ್ದಳು. ಆಗ ಟೀಚರು ಬೇರೇನೋ ಹೇಳಿದರು. ಮಗಳ ಮುಖ ಅರಳಿತು. ವರ್ಷವಿಡೀ ಒಂದು ಸಾಲೂ ಬರೆಯದ ಮಕ್ಕಳು ಇಡೀ ಪುಟ ಬರೆದಿದ್ದಾರೆ, ಬೇರೆಯವರೆಲ್ಲ ಗೈಡು ನೋಡಿ ಬರೆದಿರುವಾಗ ಇವರದು ಮಾತ್ರ ಸ್ವಂತದ್ದು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಓದಿ ಬಿದ್ದು ಬಿದ್ದು ನಕ್ಕರು, ಇಬ್ಬರೂ ಪಾಸು!

"ಪಾಸಾ?" ವಸಿಷ್ಠ ಕಿರುಚಿದ. "ತಾತಾ! ನಿಮ್ಮಿಂದ ಪಾಸಾಗಿಹೋದ್ವಿ!"

ಇಂಚರಳಿಗೆ ಅಳುವೇ ಬಂತು. ನಾಟಕವೆಲ್ಲ ಅರ್ಥವಾದ ಮಗಳು ಇಬ್ಬರನ್ನೂ ಬರಸೆಳೆದುಕೊಂಡು, "ಯಾಕ್ರೋ, ನನ್ನ ಬಿಟ್ಟು ಇರ್ತೀರಾ?" ಎಂದಳು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ. ಇಂಚರ ಅಮ್ಮನ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹಾಗಾದ್ರೆ ನೀನು ಬೇಗ ಮನೆಗೆ ಬರಬೇಕು," ಎಂದು ಷರತ್ತು ಹಾಕಿದಳು. ಮಗಳು ಒಪ್ಪಿದಳು.

ಶ್ರೀರಂಗಮ್ಮ ಮಾತ್ರ ನನ್ನ ಕಡೆ ಉರಿಗಣ್ಣು ಬಿಟ್ಟಳು. "ಫೇಲು ಮಾಡಿಸೋದಕ್ಕೂ ಬರಲಿಲ್ವಲ್ಲ ನಿಮಗೆ!"

ಗೆದ್ದವನು ನಾನು, ಬೈಗುಳವೂ ನನಗೇ! ಇರಲಿ, ನನ್ನ ಯೋಗ್ಯತೆಯನ್ನು ಬಲ್ಲವರ ಮುಂದೆಯೇ ತೋರಿಸುತ್ತೇನೆಂದು ಮಗಳ ಕೈಯಿಂದ ಮೊಬೈಲು ಕಸಿದುಕೊಂಡೆ. ಗಂಟಲು ಸರಿಮಾಡಿಕೊಂಡು, ನಮ್ಮ ಮನೆತನದ ಅಚ್ಚ ತಮಿಳಿನಲ್ಲಿ ಟೀಚರಿಗೆ ಗಂಭೀರವಾಗಿ ಹೇಳಿದೆ:

"ನಮಸ್ಕಾರಂ! ನಾಂಗೊ ಆತ್ತಿಲೇ ಎಲ್ಲಾರುಂ ತಮಿಳೇ ಮಾತಾಡ್ರದು. ಕೊಳಂದೆಗಳುಕ್ಕು ನಾನೇ ಪಾಠ ಶೊಲ್ಲಿ ಕೊಡ್ತೇನ್. ತಪ್ಪು ಇರುಂದಾ ಕ್ಷಮಿಚ್ಚುಕೊಂಗೊ!"

ನಮ್ಮ ಮನೆಯಲ್ಲಿ ಎಲ್ಲರೂ ತಮಿಳೇ ಮಾತಾಡುವುದು, ಮಕ್ಕಳಿಗೆ ನಾನೇ ಪಾಠ ಹೇಳಿಕೊಟ್ಟೆ, ತಪ್ಪಿದ್ದರೆ ಕ್ಷಮಿಸಿ ಎಂದು ಅರ್ಥ. ಟೀಚರು ಕೈಮುಗಿದು, ತಲೆದೂಗುತ್ತ ಪೂರ್ತಿ ಕೇಳಿದರು. ಅವರ ಕಣ್ಣಲ್ಲಿ ಮೆಚ್ಚುಗೆ ತುಂಬಿತ್ತು. ನಾನು ಶ್ರೀರಂಗಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದೆ. ಟೀಚರು ವಸಿಷ್ಠನನ್ನು ಕರೆದು ಏನೋ ಉತ್ಸಾಹದಿಂದ ಹೇಳಿದರು. ಹುಡುಗ ನನ್ನ ಮುಖ ನೋಡಿದ, ತುಟಿ ಕಚ್ಚಿಕೊಂಡ.

"ಏನಂದರು? ಹೇಳೋ, ಜೋರಾಗಿ ಹೇಳು! ನಿಮ್ಮ ಅಜ್ಜಿಗೂ ಕೇಳಿಸಲಿ!"

"'ನಿಮ್ಮ ತಾತ ಮಾತಾಡೋ ಕನ್ನಡ ಎಷ್ಟು ಚೆನ್ನಾಗಿದೆ! ತಮಿಳಿಗೆ ಇಷ್ಟು ಹತ್ತಿರ ಅಂತ ಗೊತ್ತೇ ಇರಲಿಲ್ಲ, ನನಗೆ ಅರ್ಧಕ್ಕರ್ಧ ಅರ್ಥ ಆಗೋಯ್ತು' ಅಂದ್ರು, ತಾತಾ."